ಓರೆಯಾಗದ ದುಂಡಕ್ಷರ: ಕನ್ನಡ ಅಚ್ಚು ಮತ್ತು ಇಟಾಲಿಕ್

ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ 'ಹುಬ್ಬಳ್ಳಿ' ಹೆಸರಿನ ಅಕ್ಷರವಿನ್ಯಾಸವೊಂದಿದೆ. ಎರಿನ್ ಮೆಕ್‌ಲಾಫ್ಲಿನ್ ರೂಪಿಸಿದ ಇದರ ಗೆರೆ ಉದ್ದಕ್ಕೂ ಒಂದೇ ದಪ್ಪ. ಕನ್ನಡಕ್ಕೂ ರೋಮನ್ ಲಿಪಿಗೂ ಕೈಬರಹದ ಸಲುಗೆ. ಆದರೆ ಇರುವುದು ನೇರ ರೂಪ ಮಾತ್ರ, ಜೊತೆಗೊಂದು ಇಟಾಲಿಕ್, ಅಂದರೆ ಬಲಕ್ಕೆ ವಾಲಿದ ರೂಪ ಇಲ್ಲ. ಇದು ಕೊರತೆಯೇ?

ಇಟಾಲಿಕ್ ಹುಟ್ಟಿದ್ದು ಲೇಖಕರ ಕೈಯಿಂದ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಶಿಯಸ್ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ಇಳಿಸಿ, ಇಡೀ ಪುಸ್ತಕವನ್ನು ಈ ಅಕ್ಷರದಲ್ಲೇ ಅಚ್ಚು ಹಾಕಿಸಿದ. ಅದರ ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಮಾದರಿ, ಅಂದಿನ ವಿದ್ವಾಂಸರ ವೇಗದ ಬರಹ. ಚಿಕ್ಕಕ್ಷರಗಳಷ್ಟೇ ವಾಲಿದ್ದವು, ದೊಡ್ಡಕ್ಷರಗಳು ನೆಟ್ಟಗೆ ನಿಂತಿದ್ದವು. ಒತ್ತು ಕೊಡುವ ಪದಕ್ಕೆ, ಕೃತಿಯ ಹೆಸರಿಗೆ ಅದನ್ನು ಮೀಸಲಿಟ್ಟದ್ದು ಆಮೇಲಿನ ರೂಢಿ.

ಕನ್ನಡದಲ್ಲಿ ಕೈಬರಹಕ್ಕೆ ಅಂಥದೊಂದು ಬಾಗಿಲು ಸ್ವಲ್ಪ ಕಾಲ ತೆರೆದಿತ್ತು. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮೊಳೆಯಲ್ಲೇ ಅಚ್ಚಾಗಿತ್ತು. ಆದರೆ 1841ರಲ್ಲಿ ಮಂಗಳೂರಿನಲ್ಲಿ ಶುರುವಾದ ಬಾಸೆಲ್ ಮಿಶನ್ ಮುದ್ರಣಾಲಯದ್ದು ಮೊದಲಿಗೆ ಕಲ್ಲಚ್ಚು. 1843ರ 'ಮಂಗಳೂರ ಸಮಾಚಾರ' ಪತ್ರಿಕೆಯ ಪುಟಗಳಲ್ಲಿ ಕಾಣುವುದು ಬರೆದ ಅಕ್ಷರವೇ. ಮುಂದೆ ಅಲ್ಲಿಗೂ ಮೊಳೆ ಬಂತು, ದುಂಡಕ್ಷರ ನೆಲೆಯಾಯಿತು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮುದ್ರಣಾಲಯದಿಂದ.

ಧಾರವಾಡದ ಕಥೆ ಬೇರೆ. ಮುಂಬಯಿ ಪ್ರಾಂತದ ಈ ಭಾಗದ ಶಾಲೆ, ಕಚೇರಿಗಳಲ್ಲಿ ಮರಾಠಿ ಹಬ್ಬಿತ್ತು. ಮರಾಠಿ ಕಡತಗಳ ವೇಗದ ಬರಹ ಮೋಡಿ ಲಿಪಿ. ಡೆಪ್ಯುಟಿ ಚನ್ನಬಸಪ್ಪನವರ ಕನ್ನಡ ಶಾಲೆಗಳ ದುಡಿಮೆ, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಪುಸ್ತಕ ಪ್ರೀತಿ, ಎರಡಕ್ಕೂ ಬೇಕಾದದ್ದು ಮಕ್ಕಳೂ ಓದಬಲ್ಲ ಸ್ಪಷ್ಟ ಅಕ್ಷರ. ಅವಸರದ ಬರಹ ಮೊಳೆಯಾಗುವ ಸಂದರ್ಭ ಅಲ್ಲಿರಲಿಲ್ಲ.

ಖರ್ಚಿನ ಲೆಕ್ಕವೂ ಇತ್ತು. ಕಾಗುಣಿತ, ಒತ್ತಕ್ಷರ ಸೇರಿದರೆ ಕನ್ನಡಕ್ಕೆ ಒಂದೇ ಗಾತ್ರದಲ್ಲಿ ನೂರಾರು ಮೊಳೆ ಬೇಕು. ಓರೆ ರೂಪವೆಂದರೆ ಅಷ್ಟನ್ನೂ ಮತ್ತೊಮ್ಮೆ ಎರಕ ಹೊಯ್ಯಬೇಕು. ಒತ್ತು ಕೊಡಲು ಉದ್ಧರಣ ಚಿಹ್ನೆಗಳಲ್ಲೇ ಕೆಲಸ ಸಾಗುತ್ತಿತ್ತು.

ಗಣಕಯಂತ್ರ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಒಂದು ಗುಂಡಿ ಒತ್ತಿದರೆ ಯಾವ ಅಕ್ಷರವೂ ವಾಲುತ್ತದೆ. ಆದರೆ ಹಾಗೆ ವಾಲಿಸಿದಾಗ ಮೇಲಿನ ತಲೆಕಟ್ಟು, ಗುಡಿಸು ಬಲಕ್ಕೆ ಜರುಗುತ್ತವೆ, ಕೆಳಗಿನ ಒತ್ತು ಎಡಕ್ಕೆ ಸರಿಯುತ್ತದೆ. 'ಹುಬ್ಬಳ್ಳಿ' ಎಂದೇ ಬರೆದು ನೋಡಬಹುದು: 'ಬ್ಬ'ದ ಒತ್ತು ಹಿಂದಿನ 'ಹು' ಕಡೆಗೆ ಜಾರುತ್ತದೆ, ದುಂಡು ಮೈ ಮೊಟ್ಟೆಯಂತೆ ಹಿಗ್ಗುತ್ತದೆ. ಗ್ರಿಫೊನ ಇಟಾಲಿಕ್ ಹೀಗೆ ತಳ್ಳಿ ಓರೆಯಾದದ್ದಲ್ಲ, ಅದರ ರೂಪವೇ ಬೇರೆ.

ಲಿನಕ್ಸ್‌ನೊಂದಿಗೆ ಬಂದ ಕೇದಗೆ, ಮಲ್ಲಿಗೆ ಫಾಂಟುಗಳಿಗೆ ಪ್ರತ್ಯೇಕ ಓರೆ ಕಡತಗಳಿವೆ. ಹಾರ್ವರ್ಡ್ ಪ್ರಕಾಶನದ ಮೂರ್ತಿ ಗ್ರಂಥಮಾಲೆಗೆ ಅಕ್ಷರ ರೂಪಿಸಿದ ಟಿರೊ ಟೈಪ್‌ವರ್ಕ್ಸ್ ಸಂಸ್ಥೆಯ 'ಟಿರೊ ಕನ್ನಡ' ಕೂಡ ನೇರ, ಇಟಾಲಿಕ್ ಎರಡು ರೂಪಗಳಲ್ಲಿದೆ. 'ಹುಬ್ಬಳ್ಳಿ' ಮಾತ್ರ ಓರೆಯಾಗದೆಯೇ ಕೈಬರಹದ ಹತ್ತಿರ ಹೋಗಿದೆ. ವೆನಿಸ್ಸಿನಲ್ಲಿ ಗ್ರಿಫೊ ಹೊರಟದ್ದೂ ಕೈಬರಹದಿಂದಲೇ.