ಕಿಟಕಿಗೊಂದು ಹೊರಕಿಟಕಿ

ಅಮೆರಿಕದ ಉತ್ತರ ರಾಜ್ಯಗಳ ಹಳೆಯ ಮರದ ಮನೆಗಳಲ್ಲಿ ಕಿಟಕಿಯ ಚೌಕಟ್ಟನ್ನು ಹತ್ತಿರದಿಂದ ನೋಡಿದರೆ, ಕೆಲವೆಡೆ ಉಳಿಯಿಂದ ಕೊರೆದ ಸಣ್ಣ ಗೀರುಗಳು ಕಾಣಸಿಗುತ್ತವೆ. ಅವು ರೋಮನ್ ಅಂಕಿಗಳು. ನೇರ ಗೆರೆಗಳೇ ಆದ್ದರಿಂದ ಕೊರೆಯುವುದು ಸುಲಭ. ಅದೇ ಅಂಕಿ ಹೊತ್ತ ಇನ್ನೊಂದು ಗಾಜಿನ ಚೌಕಟ್ಟು ಬೇಸಿಗೆಯಿಡೀ ನೆಲಮಾಳಿಗೆಯಲ್ಲಿ ಗೋಡೆಗೊರಗಿ ನಿಂತಿರುತ್ತಿತ್ತು. ಅದರ ಹೆಸರು ಸ್ಟಾರ್ಮ್ ವಿಂಡೋ.

ಹೆಸರಿನಲ್ಲಿ ಬಿರುಗಾಳಿ ಇದ್ದರೂ ಅದರ ಮುಖ್ಯ ಕೆಲಸ ಚಳಿ ತಡೆಯುವುದು. ಮಿನ್ನೆಸೋಟ, ಮೇನ್‌ನಂಥ ರಾಜ್ಯಗಳಲ್ಲಿ ಹಿಮ ಬೀಳುವ ಮುನ್ನ ಮನೆಯವರು ಏಣಿ ಹಾಕಿ, ಪ್ರತಿ ಕಿಟಕಿಯ ಹೊರಗೂ ಇದನ್ನು ಕೊಕ್ಕೆಗೆ ತೂಗುಹಾಕುತ್ತಿದ್ದರು. ವಸಂತ ಬಂದೊಡನೆ ಇಳಿಸಿ, ಒರೆಸಿ, ಅದೇ ಜಾಗಕ್ಕೆ ಸೊಳ್ಳೆಪರದೆ ಕೂರಿಸುವುದು. ಎರಡನೇ ಮಹಡಿಯ ಎತ್ತರದಲ್ಲಿ ಗಾಳಿಗೆ ಎದುರಾಗಿ ಭಾರದ ಗಾಜು ಹಿಡಿದು ನಿಲ್ಲುವುದು ಹುಡುಗಾಟವಲ್ಲ.

ಒಂದರ ಕಿಟಕಿ ಇನ್ನೊಂದಕ್ಕೆ ಕೂರದ ಕಾರಣಕ್ಕೇ ಅಂಕಿಗಳು ಬೇಕಾದವು. ಮನೆ ಹಳತಾದಂತೆ ಅಡಿಪಾಯ ಕುಸಿಯುತ್ತದೆ, ಮರ ಉಬ್ಬುತ್ತದೆ. ಚೌಕವಾಗಿದ್ದ ಚೌಕಟ್ಟು ಓರೆಯಾಗುತ್ತದೆ. ಆದ್ದರಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯುವುದು ರೂಢಿ. ಎತ್ತರಕ್ಕೂ ಇದೇ ಕ್ರಮ. ಬಳಿಕ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದು ನೋಡಬೇಕು. ಎರಡೂ ಅಳತೆ ಒಂದೇ ಇಲ್ಲವೆಂದರೆ ಚೌಕಟ್ಟು ಓರೆಯಾಗಿದೆ ಎಂದೇ ಅರ್ಥ. ದೊಡ್ಡದಾದ ಕಿಟಕಿ ಕೂರುವುದೇ ಇಲ್ಲ. ತುಸು ಚಿಕ್ಕದಾದರೆ ಸಂದು ತುಂಬಿ ಸರಿಮಾಡಬಹುದು.

ಚಳಿಯನ್ನು ತಡೆಯುವುದು ಗಾಜಲ್ಲ, ಎರಡು ಗಾಜುಗಳ ನಡುವೆ ಸಿಕ್ಕಿಬಿದ್ದ ಗಾಳಿ. ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಹೊದಿಕೆ ಬೆಚ್ಚಗಿರುವ ಹಾಗೆ. ಹೀಗೆ ಮಾಡಿದರೆ ಒಂಟಿ ಗಾಜಿನಿಂದ ಸೋರಿಹೋಗುವ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ಒಳಗಿನ ಕಿಟಕಿ ಬಿಗಿಯಾಗಿರದಿದ್ದರೆ ಅಡುಗೆಮನೆಯ ಆವಿ ನುಸುಳಿ ಹೊರಗಾಜಿನ ಮೇಲೆ ನೀರಾಗಿ, ಮಂಜುಗಟ್ಟಿ, ಕೊನೆಗೆ ಮರವನ್ನೇ ಕೊಳೆಸುತ್ತದೆ. ಅದಕ್ಕೆಂದೇ ಹೊರಕಿಟಕಿಯ ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳು. ಇವು ದೋಷವೆಂದು ಭಾವಿಸಿ ಮೆತ್ತಿ ಮುಚ್ಚುವವರೂ ಉಂಟು!

ಎರಡು ಗಾಜುಗಳನ್ನು ಅಂಚಿನಲ್ಲಿ ಬೆಸೆದು ಒಂದೇ ಕಿಟಕಿ ಮಾಡುವ ಉಪಾಯಕ್ಕೆ ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಮನೆಮನೆಗೆ ಬರಲು ಮುಂದಿನ ಶತಮಾನವೇ ಬೇಕಾಯಿತು. ಎರಡನೇ ಮಹಾಯುದ್ಧದ ನಂತರ ಅಲ್ಯೂಮಿನಿಯಂ ಚೌಕಟ್ಟು ಬಂದು, ಗಾಜು ಮತ್ತು ಪರದೆ ಒಂದೇ ಗಾಡಿಯಲ್ಲಿ ಮೇಲೆ ಕೆಳಗೆ ಜಾರುವಂತಾಯಿತು. ವರ್ಷಕ್ಕೆರಡು ಸಲ ಏಣಿ ಹತ್ತುವ ಕಷ್ಟ ತಪ್ಪಿತು.

ಕಿಟಕಿ ಸರ್ಕಾರದ ವಿಷಯವಾದದ್ದು 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದ ಮೇಲೆ. ಮೂರು ಡಾಲರ್ ಆಸುಪಾಸಿನಲ್ಲಿದ್ದ ಒಂದು ಬ್ಯಾರೆಲ್ ಕಚ್ಚಾತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಬಂತು. ತೈಲದಿಂದ ಮನೆ ಕಾಯಿಸುತ್ತಿದ್ದವರಿಗೆ ಕಿಟಕಿಯ ಸಂದು ಎಂದರೆ ಜೇಬಿನ ತೂತು ಎಂಬಂತಾಯಿತು. ಬಡವರ ಮನೆಗಳನ್ನು ಸರ್ಕಾರದ ಖರ್ಚಿನಲ್ಲೇ ಚಳಿಗೆ ಸಜ್ಜುಗೊಳಿಸುವ ಯೋಜನೆ 1976ರ ಕಾಯಿದೆಯಿಂದ ಹುಟ್ಟಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಲದ 1978ರ ಕಾಯಿದೆಯು ಸ್ಟಾರ್ಮ್ ವಿಂಡೋ ಮುಂತಾದವುಗಳಿಗೆ ಮಾಡಿದ 2,000 ಡಾಲರ್‌ವರೆಗಿನ ಖರ್ಚಿನಲ್ಲಿ ಶೇ. 15ರಷ್ಟನ್ನು, ಅಂದರೆ ಗರಿಷ್ಠ 300 ಡಾಲರನ್ನು, ತೆರಿಗೆಯಲ್ಲಿ ಬಿಟ್ಟುಕೊಟ್ಟಿತು. 1985ರ ಕೊನೆಗೆ ಈ ರಿಯಾಯಿತಿ ನಿಂತಿತು. ಬಾಡಿಗೆದಾರನ ಪಾಡು ಮಾತ್ರ ಬೇರೆ: ಚಳಿಯ ಬಿಲ್ಲು ಅವನದು, ಕಿಟಕಿ ಮಾಲೀಕನದು.

ಈ ನಡುವೆ ಹಳೆಯ ಮರದ ಕಿಟಕಿಗಳನ್ನೇ ಕಿತ್ತು ಹೊಸ ಜೋಡಿಗಾಜಿನವನ್ನು ಹಾಕಿಸುವ ಹುಚ್ಚು ಹಬ್ಬಿತು. 1981ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ಪ್ರಕಟಿಸಿದ ಕೈಪಿಡಿ, ಚಾರಿತ್ರಿಕ ಕಟ್ಟಡಗಳ ಮರದ ಕಿಟಕಿಗಳನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವುದಕ್ಕೇ ಒತ್ತು ಕೊಟ್ಟಿತು. ಅದರಲ್ಲಿ ನ್ಯಾಯವಿದೆ. ಬೆಸೆದ ಜೋಡಿಗಾಜಿನ ಅಂಚು ಬಿಟ್ಟುಕೊಂಡರೆ ಒಳಗೆ ಮಬ್ಬು ಕವಿಯುತ್ತದೆ, ಗಾಜಿನ ಜೋಡಿಯನ್ನೇ ಬದಲಿಸಬೇಕಾಗುತ್ತದೆ. ಮರದ ಹೊರಕಿಟಕಿಯಲ್ಲಿ ಗಾಜು ಒಡೆದರೆ ಒಂದು ಹಾಳೆ ಗಾಜು, ಒಂದಿಷ್ಟು ಪುಟ್ಟಿ ಸಾಕು.