ಜಾಲಿಬೀ

ಫಿಲಿಪೀನ್ಸಿನ ಅತಿ ದೊಡ್ಡ ಫಾಸ್ಟ್‌ಫುಡ್ ಹೋಟೆಲ್ ಸರಣಿ. ಕರಿದ ಕೋಳಿ ಮತ್ತು ಅನ್ನ, ಸಿಹಿ ಸಾಸಿನ ಸ್ಪಗೆಟಿ, ಬರ್ಗರ್, ಹಣ್ಣಿನ ಪೈ ಇಲ್ಲಿನ ಮುಖ್ಯ ತಿನಿಸುಗಳು. ಬಾಣಸಿಗನ ಟೋಪಿ, ಕೋಟು ತೊಟ್ಟು ನಗುವ ಕೆಂಪು ಜೇನುನೊಣ ಇದರ ಲಾಂಛನ. ತಾಯ್ನಾಡಿನಲ್ಲೇ 1,200ಕ್ಕೂ ಹೆಚ್ಚು ಮಳಿಗೆಗಳಿವೆ. ಕೊಲ್ಲಿ ದೇಶಗಳು, ಆಗ್ನೇಯ ಏಷ್ಯ, ಯೂರೋಪು, ಉತ್ತರ ಅಮೆರಿಕಗಳಿಗೂ ಹಬ್ಬಿದೆ. 2020ರ ದಶಕ ಶುರುವಾದಾಗಲೂ ಭಾರತಕ್ಕೆ ಕಾಲಿಟ್ಟಿರಲಿಲ್ಲವಾದ್ದರಿಂದ ಕನ್ನಡಿಗರಿಗೆ ಇದರ ಪರಿಚಯವಾಗುವುದು ಹೆಚ್ಚಾಗಿ ಪರದೇಶದಲ್ಲಿ. ದುಬೈ, ದೋಹಾಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಫಿಲಿಪಿನೊ ಸಹೋದ್ಯೋಗಿಗಳೇ ಇದರ ರುಚಿ ಹತ್ತಿಸುತ್ತಾರೆ.

ಸ್ಥಾಪಕ ಟೋನಿ ಟಾನ್ ಕಾಕ್ಟಿಯಾಂಗ್, ಚೀನಾದ ಫುಜಿಯನ್ ಪ್ರಾಂತದಿಂದ ವಲಸೆ ಬಂದ ಬಡ ಕುಟುಂಬದ ಮಗ. ತಂದೆ ಚೀನೀ ದೇವಾಲಯವೊಂದರಲ್ಲಿ ಅಡುಗೆ ಮಾಡಿಕೊಂಡಿದ್ದು, ಆಮೇಲೆ ದಾವಾವ್ ನಗರದಲ್ಲಿ ಸ್ವಂತ ಹೋಟೆಲ್ ಇಟ್ಟರು. ಕೆಮಿಕಲ್ ಎಂಜಿನಿಯರಿಂಗ್ ಓದಿದ ಟೋನಿ 1975ರಲ್ಲಿ, ಮನಿಲಾಕ್ಕೆ ಅಂಟಿಕೊಂಡಿರುವ ಕೆಸೋನ್ ಸಿಟಿಯ ಕುಬಾವ್ ಪ್ರದೇಶದಲ್ಲಿ ಮ್ಯಾಗ್ನೋಲಿಯಾ ಕಂಪನಿಯ ಫ್ರಾಂಚೈಸಿ ಪಡೆದು ಐಸ್‌ಕ್ರೀಮ್ ಅಂಗಡಿ ತೆರೆದರು. ಗಿರಾಕಿಗಳ ಒಲವು ಮಾತ್ರ ಜೊತೆಗೆ ಮಾರುತ್ತಿದ್ದ ಬಿಸಿ ತಿಂಡಿಗಳ ಕಡೆಗಿತ್ತು. ಅದನ್ನು ಗಮನಿಸಿ ದಾರಿ ಬದಲಿಸಿದ್ದೇ ಇಡೀ ಉದ್ಯಮದ ಬುನಾದಿ. 1978ರಲ್ಲಿ ಜಾಲಿಬೀ ಫುಡ್ಸ್ ಕಾರ್ಪೊರೇಷನ್ ನೋಂದಣಿಯಾಯಿತು. ಮರುವರ್ಷ ಸ್ಪಗೆಟಿ, 1980ರಲ್ಲಿ ‘ಚಿಕನ್‌ಜಾಯ್’ ಎಂಬ ಕರಿದ ಕೋಳಿ ಬಂದವು.

1981ರಲ್ಲಿ ಮೆಕ್‌ಡೊನಾಲ್ಡ್ಸ್ ಫಿಲಿಪೀನ್ಸಿಗೆ ಬಂದಾಗ ಜಾಲಿಬೀ ಇನ್ನೂ ಎಳೆಯ ಕಂಪನಿ. ಹಣ, ಹೆಸರು, ಅನುಭವ ಎಲ್ಲದರಲ್ಲೂ ಅಮೆರಿಕದ ಕಂಪನಿಯದೇ ಮೇಲುಗೈ. ಆದರೂ ಜಾಲಿಬೀ ಸೋಲಲಿಲ್ಲ, ಕ್ರಮೇಣ ಮೊದಲ ಸ್ಥಾನಕ್ಕೇರಿತು. ಇದಕ್ಕೆ ಮುಖ್ಯ ಕಾರಣ ನಾಲಿಗೆ. 1898ರಿಂದ 1946ರವರೆಗೆ ಅಮೆರಿಕದ ಆಳ್ವಿಕೆಯಲ್ಲಿದ್ದ ಫಿಲಿಪಿನೊ ಜನ ಹ್ಯಾಂಬರ್ಗರ್, ಕರಿದ ಕೋಳಿ, ಹಾಟ್‌ಡಾಗ್‌ಗಳನ್ನು ಒಗ್ಗಿಸಿಕೊಂಡಿದ್ದರು ನಿಜ. ಆದರೆ ಬರ್ಗರಿನ ಮಾಂಸಕ್ಕೆ ಮಸಾಲೆ ಮುಂದಾಗಿರಬೇಕು, ಸಾಸು ಸಿಹಿಯಾಗಿರಬೇಕು, ಎಲ್ಲಕ್ಕಿಂತ ಮೇಲಾಗಿ ತಟ್ಟೆಯಲ್ಲಿ ಅನ್ನ ಇರಬೇಕು. ಅನ್ನವಿಲ್ಲದ್ದು ಅವರಿಗೆ ತಿಂಡಿಯೇ ಹೊರತು ಊಟವಲ್ಲ. ಈ ವಿಷಯದಲ್ಲಿ ದಕ್ಷಿಣ ಕನ್ನಡದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಜಾಲಿಬೀ ಇದನ್ನು ಮೊದಲೇ ಅರಿತು ಅಡುಗೆ ಮಾಡಿತು. ಕೊನೆಗೆ ಫಿಲಿಪೀನ್ಸಿನ ಮೆಕ್‌ಡೊನಾಲ್ಡ್ಸ್ ಕೂಡ ಅನ್ನದ ಜೊತೆ ಕೋಳಿ, ಸಿಹಿ ಸ್ಪಗೆಟಿ ಮಾರತೊಡಗಿತು. ದೈತ್ಯ ಕಂಪನಿಯೊಂದು ಸ್ಥಳೀಯರ ರುಚಿಗೆ ಹೀಗೆ ತಲೆಬಾಗಿದ್ದು ಏಷ್ಯದ ಆಹಾರೋದ್ಯಮದ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿ.

ಚಿಕನ್‌ಜಾಯ್ ಕೇಳಿದರೆ ಸಿಗುವುದು ಇಷ್ಟು: ಮೂಳೆಸಹಿತ ಕೋಳಿಯ ತುಂಡು, ಕಾಗದದಲ್ಲಿ ಸುತ್ತಿದ ಅನ್ನ, ಪುಟ್ಟ ಬಟ್ಟಲಿನಲ್ಲಿ ಕಂದು ಬಣ್ಣದ ಗ್ರೇವಿ. ಕಾಗದ ಬಿಡಿಸಿದರೆ ಬಿಸಿ ಅನ್ನ ಅಚ್ಚು ಹೊಯ್ದಂತೆ ನಿಲ್ಲುತ್ತದೆ, ಹಬೆ ಮುಖಕ್ಕೆ ಬಡಿಯುತ್ತದೆ. ಕೋಳಿಯ ಮೇಲಿನ ಪದರ ತೆಳು, ಮುರಿದರೆ ಸದ್ದಾಗುವಷ್ಟು ಗರಿಗರಿ. ಒಳಗಿನ ಮಾಂಸದಲ್ಲಿ ರಸ ಹಾಗೇ ಉಳಿದಿರುತ್ತದೆ. ತುಂಡನ್ನು ಗ್ರೇವಿಯಲ್ಲಿ ಅದ್ದಿ, ಮಿಕ್ಕಿದ್ದನ್ನು ಅನ್ನದ ಮೇಲೆ ಸುರಿದುಕೊಂಡು, ಚಮಚ ಫೋರ್ಕುಗಳನ್ನು ಬದಿಗಿಟ್ಟು ಕೈಯಲ್ಲೇ ಉಣ್ಣುವವರೂ ಬೇಕಾದಷ್ಟಿದ್ದಾರೆ. ಗ್ರೇವಿ ನಮ್ಮ ಕೋಳಿ ಸಾರಿನಂತೆ ಖಾರವಲ್ಲ. ಉಪ್ಪು, ಕಾಳುಮೆಣಸು ಮುಂದಾಗಿರುವ ಮೆದು ರುಚಿ. ಖಾರ ಬೇಕಾದವರು ಸ್ಪೈಸಿ ಚಿಕನ್‌ಜಾಯ್ ಕೇಳಬೇಕು.

ಹೊರಗಿನವರನ್ನು ತಬ್ಬಿಬ್ಬು ಮಾಡುವ ತಿನಿಸು ಸ್ಪಗೆಟಿ. ಕೆಂಪು ಸಾಸು ಸ್ಪಷ್ಟವಾಗಿ ಸಿಹಿ. ಅದರಲ್ಲಿ ಕೊಚ್ಚಿದ ಮಾಂಸ, ಹಾಟ್‌ಡಾಗಿನ ಬಿಲ್ಲೆಗಳು. ಮೇಲೆ ತುರಿದ ಚೀಸ್. ಇಟಲಿಯ ಪಾಸ್ತಾ ಮನಸ್ಸಿನಲ್ಲಿಟ್ಟುಕೊಂಡು ಬಾಯಿಗಿಟ್ಟವರು ಮೊದಲ ತುತ್ತಿಗೇ ಹಿಂಜರಿಯುತ್ತಾರೆ. ಈ ಸಿಹಿಯ ಹಿಂದೆ ಒಂದು ದೊಡ್ಡ ಹೆಸರಿದೆ. ಆಹಾರ ವಿಜ್ಞಾನಿ ಮಾರಿಯಾ ಒರೋಸಾ ಎರಡನೇ ಮಹಾಯುದ್ಧಕ್ಕೆ ಮುಂಚೆ, ಟೊಮೇಟೊ ಬದಲು ದೇಶದಲ್ಲಿ ಧಾರಾಳವಾಗಿ ಬೆಳೆಯುವ ಬಾಳೆಹಣ್ಣಿನಿಂದ ಕೆಚಪ್ ಮಾಡುವ ವಿಧಾನ ರೂಪಿಸಿದರು. ಪರದೇಶದಿಂದ ಬರುವ ಆಹಾರವನ್ನೇ ನೆಚ್ಚಿಕೊಳ್ಳದೆ ತನ್ನ ಜನ ಉಣ್ಣಬೇಕೆಂದು ದುಡಿದ ಈ ಮಹಾತಾಯಿ 1945ರ ಮನಿಲಾ ಕದನದಲ್ಲಿ ಪ್ರಾಣ ಕಳೆದುಕೊಂಡರು. ಬಾಳೆಹಣ್ಣಿನ ಕೆಚಪ್ ಬೆರೆತ ಸ್ಪಗೆಟಿ ಮುಂದೆ ಮನೆಮನೆಯ ಹುಟ್ಟುಹಬ್ಬದ ಅಡುಗೆಯಾಯಿತು. ಜಾಲಿಬೀ ಹಿಡಿದದ್ದು ಅದೇ ರುಚಿಯ ಜಾಡು. ಮಕ್ಕಳ ಹುಟ್ಟುಹಬ್ಬವನ್ನು ಜಾಲಿಬೀಯಲ್ಲಿ ಆಚರಿಸುವುದು, ಜೇನುನೊಣದ ವೇಷಧಾರಿ ಬಂದು ಕುಣಿಯುವುದು ಅಲ್ಲಿನ ಹಲವು ತಲೆಮಾರುಗಳ ಬಾಲ್ಯದ ನೆನಪು.

ಈ ನೆನಪೇ ಜಾಲಿಬೀಯನ್ನು ಗಡಿ ದಾಟಿಸಿತು. 1974ರ ಕಾರ್ಮಿಕ ಸಂಹಿತೆಯ ನಂತರ ಫಿಲಿಪೀನ್ಸ್ ಸರ್ಕಾರವೇ ಮುಂದೆ ನಿಂತು ತನ್ನ ಜನರನ್ನು ಹೊರದೇಶದ ದುಡಿಮೆಗೆ ಕಳಿಸತೊಡಗಿತು. ನರ್ಸುಗಳು, ನಾವಿಕರು, ಮನೆಗೆಲಸದವರು ಎಲ್ಲಿ ನೆಲೆಸಿದರೋ ಜಾಲಿಬೀ ಅಲ್ಲಿಗೆ ಹೋಯಿತು. 1987ರಲ್ಲಿ ಬ್ರೂನೈ, 1998ರಲ್ಲಿ ಫಿಲಿಪಿನೊಗಳು ದಟ್ಟವಾಗಿರುವ ಕ್ಯಾಲಿಫೋರ್ನಿಯದ ಡೇಲಿ ಸಿಟಿ, 2016ರಲ್ಲಿ ಕೆನಡದ ವಿನಿಪೆಗ್, 2018ರಲ್ಲಿ ಮಿಲಾನ್ ಮತ್ತು ಲಂಡನ್ನಿನ ಅರ್ಲ್ಸ್ ಕೋರ್ಟ್. ಸಿಂಗಾಪುರದಲ್ಲಿ 2013ರಲ್ಲಿ ಆರಿಸಿಕೊಂಡ ಜಾಗ ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾ. ಭಾನುವಾರ ರಜೆ ಸಿಕ್ಕ ಫಿಲಿಪಿನೊ ಮನೆಗೆಲಸದ ಹೆಂಗಸರು ಸೇರುವುದು, ಊರಿಗೆ ಹಣ ಕಳಿಸುವುದು ಅಲ್ಲೇ. ಮಕ್ಕಳನ್ನು ಊರಲ್ಲಿ ಬಿಟ್ಟು ಪರರ ಮಕ್ಕಳನ್ನು ಸಾಕುವ ತಾಯಿಗೆ ಆ ಕೋಳಿ, ಅನ್ನದ ಬೆಲೆ ಏನೆಂದು ಪ್ರವಾಸಿಗರು ಅರಿತಿರಬೇಕು. ಅಮೆರಿಕದ ಸರಣಿಗಳ ಜೊತೆ ತೂಗಿ ನೋಡಿ ಜಾಲಿಬೀ ಬಗ್ಗೆ ತೀರ್ಪು ಕೊಡುವವರು ಈ ಅಂಶವನ್ನು ಮರೆಯುತ್ತಾರೆ.

1993ರಲ್ಲಿ ಷೇರುಪೇಟೆಗೆ ಬಂದ ಕಂಪನಿ ಗ್ರೀನ್‌ವಿಚ್ ಪಿಜ್ಜಾ, ಚೌಕಿಂಗ್, ರೆಡ್ ರಿಬ್ಬನ್, ಮಾಂಗ್ ಇನಾಸಾಲ್, ಅಮೆರಿಕದ ಸ್ಮ್ಯಾಶ್‌ಬರ್ಗರ್ ಹಾಗೂ 2019ರಲ್ಲಿ ಕಾಫಿ ಬೀನ್ ಅಂಡ್ ಟೀ ಲೀಫ್‌ಗಳನ್ನು ತನ್ನದಾಗಿಸಿಕೊಂಡಿದೆ. ಇವುಗಳಲ್ಲಿ ಮಾಂಗ್ ಇನಾಸಾಲ್ ಮನಿಲಾಕ್ಕೆ ಹೋದವರು ತಪ್ಪಿಸಬಾರದ ಹೋಟೆಲ್: ಕೆಂಡದ ಮೇಲೆ ಸುಟ್ಟ ಕೋಳಿ, ಜೊತೆಗೆ ಸಾಕೆನ್ನುವಷ್ಟು ಅನ್ನ.

ಸಸ್ಯಾಹಾರಿಗಳಿಗೆ ಜಾಲಿಬೀಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆಲೂಗಡ್ಡೆ ಫ್ರೈಸ್, ಪೀಚ್ ಮಾವಿನ ಪೈ ಉಂಟು, ಕರಿದ ಎಣ್ಣೆ ಯಾವುದೆಂದು ವಿಚಾರಿಸಿಕೊಳ್ಳಬೇಕು. ಬರ್ಗರಿನಲ್ಲಿರುವುದು ದನದ ಮಾಂಸ. ಫಿಲಿಪೀನ್ಸಿನಲ್ಲಿ ಸ್ಪಗೆಟಿಗೆ ಹಂದಿಮಾಂಸವೂ ಬೀಳಬಹುದು, ಕೊಲ್ಲಿ ದೇಶಗಳ ಮಳಿಗೆಗಳಲ್ಲಿ ಹಲಾಲ್ ಮಾಂಸ ಮಾತ್ರ. ಇಂಥವನ್ನು ಬಿಟ್ಟವರು ಆರ್ಡರ್ ಮಾಡುವ ಮುನ್ನ ಕೌಂಟರಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕೋಳಿ ತಿನ್ನುವವರು ಮೊದಲ ಸಲ ಹೋದಾಗ ಬರ್ಗರಿನ ಗೊಡವೆಗೆ ಹೋಗದೆ ಚಿಕನ್‌ಜಾಯ್, ಅನ್ನ, ಗ್ರೇವಿ ತರಿಸಿಕೊಂಡು ಬಿಸಿಯಿರುವಾಗಲೇ ಉಣ್ಣಲಿ, ಕಡೆಗೊಂದು ಮಾವಿನ ಪೈ ಇರಲಿ. ಪೈಯ ಹೂರಣ ಬಹಳ ಹೊತ್ತು ಸುಡುತ್ತಿರುತ್ತದೆ, ಆರಿಸಿ ತಿನ್ನಿ.