ಟಾರ್ಚಿನ ಎಲ್‌ಇಡಿ: ಬಿಡಿಭಾಗಗಳ ಆಯ್ಕೆಯ ಇತಿಹಾಸ

ಎಲ್‌ಇಡಿ, ಅದಕ್ಕೆ ಹೋಗುವ ಕರೆಂಟನ್ನು ಹದದಲ್ಲಿಡುವ ಡ್ರೈವರ್, ಸೆಲ್ಲು, ರಿಫ್ಲೆಕ್ಟರ್‌ಗಳನ್ನು ಬೇರೆಬೇರೆಯಾಗಿ ಆರಿಸಿ, ತಮ್ಮ ಕೆಲಸಕ್ಕೆ ಒಗ್ಗುವಂತೆ ಕೈಯಾರೆ ಟಾರ್ಚ್ ಕಟ್ಟಿಕೊಳ್ಳುವ ರೂಢಿ ತೀರ ಈಚಿನದು. ಅದಕ್ಕೆ ಸುಮಾರು ಕಾಲು ಶತಮಾನದ ವಯಸ್ಸು. ಪಟ್ಟಣದವರಿಗೆ ಇದು ಹವ್ಯಾಸ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಂಥ ಕಡೆ ಇದು ದಿನನಿತ್ಯದ ಅಗತ್ಯಕ್ಕೆ ಹತ್ತಿರದ ವಿಷಯ. ಮಳೆ ಕಡಿಮೆಯಾದ ಈ ಬಯಲಿನಲ್ಲಿ ಬೇಸಾಯ ಬೋರ್‌ವೆಲ್ಲಿನ ಮೇಲೆ ನಿಂತಿದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ಪಾಳಿಯ ಮೇಲೆ, ಎಷ್ಟೋ ಸಲ ರಾತ್ರಿ ಹೊತ್ತು. ಸ್ಟಾರ್ಟರ್ ಒತ್ತಲು, ನೀರು ತಿರುಗಿಸಲು ಹೊಲಕ್ಕೆ ಹೋಗುವವರ ಕೈಯಲ್ಲಿ ಟಾರ್ಚ್ ಇರಲೇಬೇಕು. ಹಳ್ಳಿಯ ಮಾತಿನಲ್ಲಿ ಅದು ಬರೀ ‘ಬ್ಯಾಟರಿ’.

ಎಲ್‌ಇಡಿಗೆ ಮೊದಲು ಆಯ್ಕೆಗೆ ಹೆಚ್ಚಿನ ಅವಕಾಶವೇ ಇರಲಿಲ್ಲ. ಡೇವಿಡ್ ಮಿಸೆಲ್ ಎಂಬವರ ಕೊಳವೆಯಾಕಾರದ ವಿದ್ಯುತ್ ದೀಪಕ್ಕೆ ಅಮೆರಿಕದಲ್ಲಿ 1899ರ ಜನವರಿ 10ರಂದು ಪೇಟೆಂಟ್ ಸಿಕ್ಕಿತು. ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಮುಂದೆ ಬಲ್ಬು, ಅದರ ಹಿಂದೆ ಹೊಳಪಿನ ಬಟ್ಟಲು ಇಡುವ ವಿನ್ಯಾಸ ಅಲ್ಲಿಂದ ಬಂದದ್ದು. ಕರ್ನಾಟಕಕ್ಕೆ ವಿದ್ಯುತ್ತೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಂತು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಆದರೆ ಹಳ್ಳಿಗಳನ್ನು ತಂತಿ ಮುಟ್ಟಲು ದಶಕಗಳು ಹಿಡಿದವು. ಎಷ್ಟೋ ಮನೆಗಳಲ್ಲಿ ಮೊದಲ ವಿದ್ಯುತ್ ದೀಪವೆಂದರೆ ಎವರೆಡಿಯ ಅಥವಾ ಜೀಪ್ ಕಂಪನಿಯ ಟಾರ್ಚೇ. ಎರಡು ಸೆಲ್ಲಿನದೋ ಮೂರು ಸೆಲ್ಲಿನದೋ ಎಂಬುದಷ್ಟೇ ಆಗ ಕೊಳ್ಳುವವರ ಮುಂದಿದ್ದ ಪ್ರಶ್ನೆ. ಎರಡಕ್ಕೆ 2.5 ವೋಲ್ಟಿನ ಬಲ್ಬು, ಮೂರಕ್ಕೆ 3.8 ವೋಲ್ಟಿನದು. ಸೆಲ್ಲು ಸೊರಗಿದಂತೆ ಬೆಳಕು ಕೆಂಪಗಾಗಿ ಡಲ್ಲಾಗುತ್ತಿತ್ತು, ಸೆಲ್ಲನ್ನು ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಿದ್ದರು.

ಎಲ್‌ಇಡಿಯ ಮೂಲ ಇದಕ್ಕಿಂತ ಬಹಳ ಈಚಿನದೇನಲ್ಲ. ಸಿಲಿಕಾನ್ ಕಾರ್ಬೈಡ್ ಹರಳಿಗೆ ವಿದ್ಯುತ್ ಹಾಯಿಸಿದಾಗ ಅದು ಮಿನುಗುವುದನ್ನು ಎಚ್. ಜೆ. ರೌಂಡ್ 1907ರಲ್ಲೇ ವರದಿ ಮಾಡಿದ್ದರು. 1920ರ ದಶಕದಲ್ಲಿ ರಷ್ಯದ ಒಲೆಗ್ ಲೊಸೆವ್ ಅದನ್ನು ಆಳವಾಗಿ ಅಭ್ಯಸಿಸಿದರು. ನಿಕ್ ಹೊಲೊನ್ಯಾಕ್ 1962ರಲ್ಲಿ ಕೆಂಪು ಎಲ್‌ಇಡಿ ಮಾಡಿದರು. ಕೆಂಪು, ಹಳದಿ, ಮಂದ ಹಸಿರು ಬಂದರೂ ನೀಲಿ ಕೈಗೆ ಸಿಗದೆ ಬಿಳಿ ಬೆಳಕು ಸಾಧ್ಯವಿರಲಿಲ್ಲ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ತಂದರು. ಅದರ ಮೇಲೆ ಹಳದಿ ಫಾಸ್ಫರ್ ಬಳಿದು 1996ರಲ್ಲಿ ನಿಚಿಯಾ ಬಿಳಿ ಎಲ್‌ಇಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ನಕಾಮುರಾ ಅವರಿಗೂ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಅವರಿಗೂ 2014ರ ಭೌತಶಾಸ್ತ್ರ ನೊಬೆಲ್ ಸಂದದ್ದು ಈ ನೀಲಿಗಾಗಿ.

ಮೊದಲ ಬಿಳಿ ಎಲ್‌ಇಡಿಗಳು 5 ಮಿಲಿಮೀಟರ್ ದಪ್ಪದ ಮಣಿಗಳು, ತಲಾ 20 ಮಿಲಿಆಂಪಿಯರ್ ತಿನ್ನುವಂಥವು. ಒಂದರಿಂದ ದಾರಿ ಕಾಣದು ಎಂದು ಹತ್ತಿಪ್ಪತ್ತು ಮಣಿಗಳನ್ನು ಒಂದೇ ತಟ್ಟೆಯಲ್ಲಿ ಕೂರಿಸಿದರು. ನಮ್ಮ ಸಂತೆಗಳಿಗೆ ಬಂದ ‘ಚಾರ್ಜಿಂಗ್ ಬ್ಯಾಟರಿ’ ಇದೇ: ಪ್ಲಾಸ್ಟಿಕ್ ಒಡಲು, ಒಳಗೆ 4 ವೋಲ್ಟಿನ ಸೀಸ-ಆಮ್ಲದ ಪುಟ್ಟ ಬ್ಯಾಟರಿ, ಬುಡದಲ್ಲಿ ನೇರವಾಗಿ ಗೋಡೆಗೆ ಚುಚ್ಚುವ ಪಿನ್ನು. ಬಿಚ್ಚಿ ನೋಡಿದರೆ ಎಲ್ಲ ಮಣಿಗಳೂ ಒಂದೇ ಜೋಡಿ ತಂತಿಗೆ ಪ್ಯಾರಲಲ್ ಆಗಿ ಬೆಸೆದಿರುತ್ತವೆ, ಪ್ರತ್ಯೇಕ ರೆಸಿಸ್ಟರ್ ಇರುವುದಿಲ್ಲ. ಮಣಿಯಿಂದ ಮಣಿಗೆ ವೋಲ್ಟೇಜ್ ಕೂದಲೆಳೆಯಷ್ಟು ವ್ಯತ್ಯಾಸವಿರುವುದರಿಂದ ಕಡಿಮೆ ವೋಲ್ಟಿಗೇ ಉರಿಯುವ ಮಣಿ ಹೆಚ್ಚು ಕರೆಂಟು ಎಳೆದುಕೊಂಡು ಮೊದಲು ಸಾಯುತ್ತದೆ. ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. ಒಂದೊಂದಾಗಿ ಮಣಿ ಕಪ್ಪಾಗುವ ಟಾರ್ಚನ್ನು ಕಂಡವರಿಗೆ ಕಾರಣ ಇದು. ಟಿವಿ, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಇಂಥ ಟಾರ್ಚುಗಳನ್ನು ಬಿಚ್ಚಿ, ಸತ್ತ ತಟ್ಟೆಯ ಜಾಗಕ್ಕೆ ಒಂದೇ ದೊಡ್ಡ ಎಲ್‌ಇಡಿ ಹಾಕಿಕೊಡುವ ಕೆಲಸವನ್ನೇ ನಮ್ಮ ಕಡೆಯ ಕೈಕಟ್ಟು ಟಾರ್ಚಿನ ಮೊದಲ ಪಾಠ ಎನ್ನಬೇಕು.

ಆ ದೊಡ್ಡ ಎಲ್‌ಇಡಿಯ ಚರಿತ್ರೆ ಲಕ್ಸಿಯಾನ್ ಎಂಬ ಹೆಸರಿನಿಂದ ಶುರುವಾಗುತ್ತದೆ. 1990ರ ದಶಕದ ಕೊನೆಗೆ ಬಂದ ಈ 1 ವಾಟಿನ ಎಲ್‌ಇಡಿ 350 ಮಿಲಿಆಂಪಿಯರ್ ತಾಳುತ್ತಿತ್ತು. 2006ರಲ್ಲಿ ಕ್ರೀ ಕಂಪನಿಯ ಎಕ್ಸ್‌ಆರ್-ಇ ಅದೇ ಕರೆಂಟಿನಲ್ಲಿ 80 ಲುಮೆನ್ ಕೊಟ್ಟಿತು. ನಾಲ್ಕೇ ವರ್ಷದ ಮೇಲೆ ಪ್ರಕಟವಾದ ಎಕ್ಸ್‌ಎಂ-ಎಲ್, 3 ಆಂಪಿಯರ್ ಕೊಟ್ಟರೆ 1,000 ಲುಮೆನ್ ತಲುಪಿತು. ಬೆಳಕಿನ ಜೊತೆಗೇ ಹೊಸ ತೊಡಕೂ ಬಂತು. ತಂತುವಿನ ಬಲ್ಬು ತನ್ನ ಕಾವನ್ನು ಮುಂದಕ್ಕೆ ಚೆಲ್ಲುತ್ತದೆ. ಎಲ್‌ಇಡಿಯ ಕಾವು ಬೆನ್ನಿಗೆ ಇಳಿಯುತ್ತದೆ. ಆ ಕಾವಿಗೆ ದಾರಿ ಮಾಡಿಕೊಡದಿದ್ದರೆ ಬೆಳಕು ಕುಗ್ಗಿ, ಆಯುಸ್ಸೂ ಕರಗುತ್ತದೆ. ಆದ್ದರಿಂದ ಎಲ್‌ಇಡಿಯನ್ನು ಆರಿಸುವಾಗ ಅದು ಕೂತಿರುವ ‘ಸ್ಟಾರ್’ ತಟ್ಟೆಯನ್ನೂ ಆರಿಸಬೇಕಾಯಿತು. ಅಲ್ಯೂಮಿನಿಯಂ ತಟ್ಟೆಯಲ್ಲಿ ಲೋಹಕ್ಕೂ ಎಲ್‌ಇಡಿಗೂ ನಡುವೆ ಕಾವಿಗೂ ಅಡ್ಡಬರುವ ತೆಳು ನಿರೋಧಕ ಪದರವಿರುತ್ತದೆ. ಎಲ್‌ಇಡಿಯ ನಡುಭಾಗವನ್ನು ನೇರವಾಗಿ ತಾಮ್ರಕ್ಕೇ ಬೆಸೆಯುವ ತಟ್ಟೆಗಳು ಬಂದಮೇಲೆ ಅದೇ ಎಲ್‌ಇಡಿ ಹೆಚ್ಚು ಕರೆಂಟು ತಾಳತೊಡಗಿತು. ಪ್ಲಾಸ್ಟಿಕ್ ಒಡಲಿಗೆ 10 ವಾಟಿನ ಎಲ್‌ಇಡಿ ಹಾಕುವುದು ದಂಡ: ತಾಮ್ರದ ತಟ್ಟೆಯಿದ್ದರೂ ಕಾವು ಅಲ್ಲಿಂದ ಮುಂದೆ ಹೋಗಲು ಜಾಗವಿಲ್ಲ.

ಡ್ರೈವರಿನ ಸುಧಾರಣೆಗೆ ಲಿಥಿಯಂ ಸೆಲ್ಲು ಕಾರಣ. ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಸೆಲ್ಲು ಮುಂದೆ 18650 ಎಂಬ ಅಳತೆಯಲ್ಲಿ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದಲ್ಲಿ, ಲ್ಯಾಪ್‌ಟಾಪುಗಳಿಗೆಲ್ಲ ಹೊಕ್ಕಿತು. ತುಂಬಿದಾಗ 4.2 ವೋಲ್ಟು, ಬರಿದಾದಾಗ 3ರ ಆಸುಪಾಸು. ಬಿಳಿ ಎಲ್‌ಇಡಿಗೆ ಬೇಕಾದದ್ದೂ ಸುಮಾರು 3 ವೋಲ್ಟೇ. ಈ ಹೊಂದಾಣಿಕೆಯಿಂದ ಡ್ರೈವರ್ ಬಹಳ ಸರಳವಾಯಿತು. 7135 ಎಂಬ ಪುಟ್ಟ ಚಿಪ್ಪು ಸೆಲ್ಲಿನ ವೋಲ್ಟೇಜ್ ಏರಿಳಿದರೂ 350 ಮಿಲಿಆಂಪಿಯರ್ ಬಿಟ್ಟುಕೊಡುತ್ತದೆ. ಎಂಟನ್ನು ಪಕ್ಕಪಕ್ಕ ಕೂರಿಸಿದರೆ 2.8 ಆಂಪಿಯರ್. ಆಮೇಲೆ 6 ಮತ್ತು 12 ವೋಲ್ಟಿನ ಎಲ್‌ಇಡಿಗಳು ಬಂದವು, ಅವಕ್ಕೆ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಅಥವಾ ಸಾಲುಸೆಲ್ಲು ಬೇಕು. ಹೊಸದಾಗಿ ಕಟ್ಟುವವರಿಗೆ ಒಂದೇ ಸೆಲ್ಲು, 3 ವೋಲ್ಟಿನ ಎಲ್‌ಇಡಿ, 7135ರ ಡ್ರೈವರ್ ಇಂದಿಗೂ ಭದ್ರವಾದ ದಾರಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಲೋ ಕೊರಿಯರಿನಲ್ಲೋ ಇವನ್ನೆಲ್ಲ ತರಿಸಿಕೊಳ್ಳಬಹುದು.

ಆಯ್ಕೆಯ ನಿಜವಾದ ತಿರುಳು ಇರುವುದು ಬೆಳಕಿನ ಆಕಾರದಲ್ಲಿ. ಒಟ್ಟು ಬೆಳಕನ್ನು ಲುಮೆನ್ನಿನಲ್ಲಿ, ಒಂದು ದಿಕ್ಕಿನ ತೀವ್ರತೆಯನ್ನು ಕ್ಯಾಂಡೆಲಾದಲ್ಲಿ ಅಳೆಯುತ್ತಾರೆ. 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಫ್‌ಎಲ್-1 ಮಾನದಂಡವು ಬೆಳಕು 0.25 ಲಕ್ಸಿಗೆ ಇಳಿಯುವ ದೂರವನ್ನೇ ಟಾರ್ಚಿನ ದೂರ ಎಂದು ನಿಗದಿಪಡಿಸಿತು. ಆ ಲೆಕ್ಕದಲ್ಲಿ 10,000 ಕ್ಯಾಂಡೆಲಾ 200 ಮೀಟರ್ ಹೋಗುತ್ತದೆ, 400 ಮೀಟರ್ ಬೇಕೆಂದರೆ 40,000 ಬೇಕು. ಒಂದೇ ರಿಫ್ಲೆಕ್ಟರ್, ಒಂದೇ ಕರೆಂಟು ಇದ್ದಾಗ 1 ಚದರ ಮಿಲಿಮೀಟರಿನ ಎಲ್‌ಇಡಿ ಚಿಪ್ಪು ದೂರ ಹೊಡೆಯುತ್ತದೆ, 4 ಚದರ ಮಿಲಿಮೀಟರಿನದು ಅಗಲಕ್ಕೆ ಹರಡುತ್ತದೆ. ಮಾದಿಹಳ್ಳಿ, ಹಳೇಬೀಡು, ಅರಸೀಕೆರೆ ಕಡೆಯ ತೆರೆದ ಹೊಲದಲ್ಲಿ, ಚಿರತೆ ಕರಡಿಗಳ ಭಯವಿರುವಲ್ಲಿ, ದೂರದ ಬದುವಿನ ಮೇಲೆ ಹೊಳೆಯುವ ಕಣ್ಣು ಕಾಣಿಸಬೇಕಾದರೆ ಸಣ್ಣ ಚಿಪ್ಪು, ಆಳವಾದ ನುಣುಪು ರಿಫ್ಲೆಕ್ಟರ್ ಸರಿ. ಬೇಲೂರು ತಾಲ್ಲೂಕಿನದೇ ಆದ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಕ್ಕೆ ಆ ದೀಪ ಒಯ್ದರೆ ಎದುರಿನ ಒಂದು ಗಿಡ ಮಾತ್ರ ಕಣ್ಣು ಕುಕ್ಕುವಂತೆ ಬೆಳಗಿ, ಪಕ್ಕದಲ್ಲಿ ಆನೆ ನಿಂತಿದ್ದರೂ ಕಾಣದು. ಅಲ್ಲಿಗೆ ಅಗಲ ಬೆಳಕೇ ಬೇಕು. ಮಂಜಿನಲ್ಲಿ ಹಣೆಗೆ ಕಟ್ಟುವ ದೀಪಕ್ಕಿಂತ ಸೊಂಟದ ಮಟ್ಟದಲ್ಲಿ ಹಿಡಿದ ದೀಪ ಮೇಲು. ಹಾಗೆ ಹಿಡಿದರೆ ಮಂಜಿನ ಹನಿಗಳಿಂದ ಮರಳುವ ಬೆಳಕು ನೇರ ಕಣ್ಣಿಗೆ ಹೊಡೆಯುವುದಿಲ್ಲ.

ಬಣ್ಣದ ಕಡೆಗೆ ಗಮನ ಹರಿದದ್ದು ತಡವಾಗಿ. ಅಗ್ಗದ ಟಾರ್ಚುಗಳ ನೀಲಿಮಿಶ್ರಿತ ಬಿಳುಪಿನಲ್ಲಿ ಕೆಂಪು, ಕಂದು ಬಣ್ಣಗಳೆಲ್ಲ ಬೂದಿಯಾಗುತ್ತವೆ. ಬಣ್ಣ ಎಷ್ಟು ಸಾಚಾ ಕಾಣುತ್ತದೆ ಎಂಬುದನ್ನು ಸಿಆರ್‌ಐ ಎಂಬ ಅಂಕ ತೋರಿಸುತ್ತದೆ: ಸಾಮಾನ್ಯ ಎಲ್‌ಇಡಿಗೆ 70ರ ಸುಮಾರು, ನಿಚಿಯಾದ 219, 519ಎ ಬಗೆಗಳಲ್ಲಿ 90ರ ಮೇಲೆ ಸಿಗುತ್ತದೆ. ಇದಕ್ಕಾಗಿ ಒಂದಿಷ್ಟು ಲುಮೆನ್ ಬಿಟ್ಟುಕೊಡಬೇಕು. ಒಣ ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲವನ್ನು ಬೇರ್ಪಡಿಸಿ ನೋಡಬೇಕಾದ ಕಾಲುದಾರಿಯಲ್ಲಿ ಆ ನಷ್ಟ ನಷ್ಟವೇ ಅಲ್ಲ.

ಬೆಳಕಿನ ಆಕಾರ, ಬಣ್ಣಗಳ ಆಯ್ಕೆಗೆ ಬೇಲೂರಿನ ಚೆನ್ನಕೇಶವ ಗುಡಿ ಇನ್ನೊಂದು ಒರೆಗಲ್ಲು. 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿಯ ನವರಂಗಕ್ಕೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಲ್ಲಿನ ಜಾಲರಿಯ ಜಾಲಂಧ್ರಗಳು ಸೇರಿ ಒಳಗೆ ಬೆಳಕು ಕಡಿಮೆಯಾಯಿತು. ನಾಲ್ಕು ಮದನಿಕೆಯರು ಒಳಚಾವಣಿಯಡಿ ಇದ್ದಾರೆ. ಅವರನ್ನು ಬ್ಯಾಟರಿಯ ಬೆಳಕು ಬಿಟ್ಟು ತೋರಿಸುವುದುಂಟು. ಮೊನಚಾದ ದೂರದ ಬೆಳಕು ನುಣುಪಾದ ಕಂಬಗಳ ಮೇಲೆ ಬಿದ್ದರೆ ಒಂದು ಬಿಳಿ ಮಚ್ಚೆ ಮಾತ್ರ ಕಾಣುತ್ತದೆ. ಹರಡು ಲೆನ್ಸ್, 4,000ದಿಂದ 4,500 ಕೆಲ್ವಿನ್ ವರ್ಣತಾಪದ ಎಲ್‌ಇಡಿ ಆರಿಸಿ ಓರೆಯಾಗಿ ಬಿಟ್ಟರೆ ಬಳಪದ ಕಲ್ಲಿನ ಹಸಿರುಛಾಯೆಯೂ ಉಳಿಯ ಏಟಿನ ಆಳವೂ ಎದ್ದು ಬರುತ್ತವೆ. ಇಂಥ ಕೆಲಸಕ್ಕೆ 200 ಲುಮೆನ್ ಧಾರಾಳ.

ಸೆಲ್ಲಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ 18650ಗಳನ್ನು ಬಳಸುವವರು ಬಹಳ; ತುಕ್ಕು, ತಗ್ಗು, ಹರಿದ ಹೊದಿಕೆ ಇದ್ದರೆ ಅವನ್ನು ಎಸೆಯಬೇಕು. ಸೀಸದ ಬ್ಯಾಟರಿಯ ಚಾರ್ಜರಿಗೆ ಲಿಥಿಯಂ ಸೆಲ್ಲನ್ನು ಎಂದೂ ಹಚ್ಚಬಾರದು, ಬೆಂಕಿ ಹೊತ್ತಿಕೊಳ್ಳಬಹುದು; 4.2 ವೋಲ್ಟಿಗೆ ನಿಲ್ಲುವ ಚಾರ್ಜರೇ ಆಗಬೇಕು. ಪೇಟೆಯಲ್ಲಿ 9,900 ಮಿಲಿಆಂಪಿಯರ್-ಅವರ್ ಎಂದು ಅಚ್ಚಾದ 18650ಗಳು ಸಿಗುತ್ತವೆ, ಆ ಅಂಕಿ ಸುಳ್ಳು. ಒಳ್ಳೆಯ ಕಂಪನಿಯ ಸೆಲ್ಲುಗಳಲ್ಲೂ ಸಾಮಾನ್ಯವಾಗಿ 3,500ರ ಆಸುಪಾಸೇ ಗರಿಷ್ಠ. ಅನುಮಾನ ಬಂದರೆ ಸೆಲ್ಲನ್ನು ತಕ್ಕಡಿಯಲ್ಲಿಡಿ: ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ, ತೀರ ಹಗುರವಾದದ್ದನ್ನು ವಾಪಸು ಕೊಟ್ಟುಬಿಡಿ.